ಚಪ್ಪಲಿ ತಿರುವಿ ನೋಡೋದನ್ನು ಕಲಿಸಿದ ಅಡ್ಡಮಳೆ

ಬೆಳಗಾವಿಯ ಒಂದು ಚಪ್ಪಲಿ ಅಂಗಡಿಯಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬೇಸಿಗೆ ಬಂತೆಂದರೆ ನಮ್ಮಲ್ಲಿ ಚರ್ಮದ ಚಪ್ಪಲಿಗೆ ಜಾಸ್ತಿ ಗಿರಾಕಿ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಕಾಕಾಗೆ ಒಂದು ಜೊತೆ ಮಾರಿದೆ. ಒಳ್ಳೆ ಹೊಳಪು, ಚಂದದ ಹೆಣಿಗೆ. ಎಂಟು ದಿನಕ್ಕೆ ವಾಪಸ್ ಬಂದರು. ಅಡ್ಡಮಳೆಯಲ್ಲಿ ಒಮ್ಮೆ ತೊಯ್ದಿದ್ದಕ್ಕೇ ಅಟ್ಟೆ ಉಬ್ಬಿ ಬಾಯಿ ಬಿಟ್ಟಿತ್ತು. "ತಮ್ಮಾ, ಚರ್ಮ ಅಂತ ಕೊಟ್ಟಿದ್ದಿಯಲ್ಲ, ಒಳಗ ರಟ್ಟು ಐತಿ ನೋಡು" ಅಂದರು. ಬೈಯಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು. ನಾನು ಸುಳ್ಳು ಹೇಳಿರಲಿಲ್ಲ. ಆದರೆ ನೋಡದೇ ಮಾರಿದ್ದೆ.

ಅಥಣಿ ಕಡೆಯಿಂದ ಮಾಲು ತರುವ ಹಿರಿಯರೊಬ್ಬರ ಮುಂದೆ ಇದನ್ನು ಹೇಳಿಕೊಂಡೆ. ಅವರು ತಮ್ಮ ಗಂಟು ಬಿಚ್ಚಿ ಒಂದು ಚಪ್ಪಲಿ ಮಗುಚಿ ನನ್ನ ಕೈಗಿಟ್ಟರು. "ಅಂಚು ನೋಡು" ಅಂದರು. ನಿಜವಾದ ಚರ್ಮದ ಅಂಚಿನಲ್ಲಿ ಒತ್ತೊತ್ತಾದ ಎಳೆ ಕಾಣುತ್ತದೆ. ರಟ್ಟು ತುಂಬಿದ್ದರೆ ಮಧ್ಯೆ ಪುಡಿಪುಡಿ ಪದರ. ಅದನ್ನು ಮುಚ್ಚೋಕೇ ಅಂಚಿಗೆ ದಪ್ಪ ಬಣ್ಣ ಬಳಿದಿರುತ್ತಾರೆ. ರೆಕ್ಸಿನ್ ಆದರೆ ಹಿಂಬದಿಯಲ್ಲಿ ಬಟ್ಟೆ ಸಿಗುತ್ತದೆ. ಆಮೇಲೆ ಬಣ್ಣ ಹಚ್ಚದ ಚರ್ಮದ ಮೇಲೆ ಒಂದು ಹನಿ ನೀರು ಹಾಕಿ ತೋರಿಸಿದರು. ನಿಧಾನಕ್ಕೆ ಇಂಗಿ ಅಷ್ಟು ಜಾಗ ಕಪ್ಪಗಾಯಿತು. ಮೂಸಿದರೆ ತೊಗಟೆಯ ವಾಸನೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ ಅದು.

ಅಂದಹಾಗೆ, ಕೊಲ್ಹಾಪುರಿ ಚಪ್ಪಲಿ ಅಂದರೆ ಮಹಾರಾಷ್ಟ್ರದ್ದು ಮಾತ್ರ ಅಂತ ಎಷ್ಟೋ ಗಿರಾಕಿಗಳು ತಿಳಿದಿರುತ್ತಾರೆ. ಆದರೆ ನಮ್ಮ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆಯೂ ತಲೆತಲಾಂತರದಿಂದ ಮಾಡುತ್ತಾ ಬಂದಿದ್ದಾರೆ. 2019ರಲ್ಲಿ ಸಿಕ್ಕ, ಇದು ಇಂಥ ಪ್ರದೇಶದ್ದೇ ಮಾಲು ಎಂದು ಗುರುತಿಸುವ ಜಿಐ ಟ್ಯಾಗ್‌ನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ಇದನ್ನು ಪ್ರತಿ ಗಿರಾಕಿಗೂ ಹೇಳುತ್ತೇನೆ. ಹೇಳಲೇಬೇಕು ಅಲ್ವಾ?

ಈಗ ದುಡ್ಡಿನ ಮಾತು. ಐನೂರರ ಒಳಗೆ ಅಂದರೆ ಪೂರ್ತಿ ಚರ್ಮ ಕೇಳಬೇಡಿ. ಮೇಲಿನ ಪಟ್ಟಿ ಚರ್ಮದ್ದು, ಅಟ್ಟೆ ರಬ್ಬರಿನದು ಇರುವಂಥದ್ದು ತಗೊಳ್ಳಿ. ಪೂರ್ತಿ ಚರ್ಮ ಅಂತ ಹೇಳಿ ಒಳಗೆ ರಟ್ಟು ಇಟ್ಟಿದ್ದಕ್ಕಿಂತ ಇದು ಎಷ್ಟೋ ಪಾಲು ವಾಸಿ. ಎಂಟುನೂರರಿಂದ ಸಾವಿರದಿನ್ನೂರು ಇದ್ದರೆ ಸಾದಾ ಕೊಲ್ಹಾಪುರಿ ಸಿಗುತ್ತದೆ. ಜರಿ, ಗೊಂಡೆ ಬೇಡ. ಆ ದುಡ್ಡೆಲ್ಲ ಎಮ್ಮೆ ಚರ್ಮದ ಗಟ್ಟಿ ಅಟ್ಟೆಗೆ ಹೋಗಲಿ. ನನ್ನನ್ನು ಕೇಳಿದರೆ ಹೆಚ್ಚಿನವರಿಗೆ ಇಷ್ಟು ಸಾಕು. ಎರಡು ಸಾವಿರದ ಮೇಲೆ ಕೊಡುವುದಾದರೆ ಹೊಲಿಗೆ ನೋಡಿ. ಒಳ್ಳೆ ಕೈಕೆಲಸದಲ್ಲಿ ಮೊಳೆ ಇರುವುದಿಲ್ಲ, ಚರ್ಮದ ಬಾರಿನಿಂದಲೇ ಹೊಲಿದಿರುತ್ತಾರೆ. ಕಬ್ಬಿಣದ ಮೊಳೆ ಇದ್ದರೆ ನೀರು ಬಿದ್ದಾಗ ಸುತ್ತಲಿನ ಚರ್ಮ ಕಪ್ಪಾಗುತ್ತದೆ.

ಸಂಜೆ ಹೊತ್ತಲ್ಲಿ ಬನ್ನಿ. ದಿನವೆಲ್ಲ ಓಡಾಡಿ ಕಾಲು ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಎರಡೂ ಕಾಲಿಗೆ ಹಾಕಿ ನಡೆದು ನೋಡಿ. ಪಟ್ಟಿ ಕೊಂಚ ಬಿಗಿಯೇ ಇರಲಿ, ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತದೆ. ಹೆಬ್ಬೆರಳು ತೂರಿಸುವ ಉಂಗುಟ ಮಾತ್ರ ಮೊದಲ ದಿನವೇ ಬೆರಳು ಕೊಯ್ಯುವಂತಿದ್ದರೆ ಬಿಟ್ಟುಬಿಡಿ.

ಮೊದಲ ವಾರ ಮನೆಯಲ್ಲೇ ದಿನಕ್ಕೆ ಒಂದು ಗಂಟೆ ಹಾಕಿ. ಕಚ್ಚುವ ಜಾಗಕ್ಕೆ ಚೂರು ಎಣ್ಣೆ ಸವರಿ. ತೊಯ್ದರೆ ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಇಟ್ಟರೆ ಸೆಟೆದು ಬಿರುಕು ಬಿಡುತ್ತದೆ. ಮಳೆಗಾಲಕ್ಕೆ ಎತ್ತಿಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಬೂಸ್ಟು ಹಿಡಿಯುತ್ತದೆ. ಹಳೇ ಪೇಪರಿನಲ್ಲಿ ಸುತ್ತಿ ಗಾಳಿಯಾಡುವ ಕಡೆ ಇಡಿ.