18ರಿಂದ 24 ವಯಸ್ಸಿನವರಿಗೆ ಒಂದು ಬೇರೆ ಕಟ್ಟೆ

ಕಲಬುರಗಿಯ ಓಣಿ, ಊರು, ಸಮಾಜದ ವಾಟ್ಸಾಪ್ ಗುಂಪುಗಳಲ್ಲಿ ಕಾಕಾ, ಮಾಮಾ, ಮಾಸ್ತರರು ಎಲ್ಲರೂ ಇರುತ್ತಾರೆ. ಅಲ್ಲಿ ಇಪ್ಪತ್ತರ ಹುಡುಗಿ ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಬಗ್ಗೆಯಾಗಲಿ, ಮನೆಯಲ್ಲಿ ನೋಡುತ್ತಿರುವ ವರನ ಬಗ್ಗೆಯಾಗಲಿ ಬಾಯಿ ಬಿಡುವುದಿಲ್ಲ. ಈ ವಯಸ್ಸಿನವರಿಗೆ ಬೇರೆ ಕಟ್ಟೆ, ಅಂದರೆ ತಮ್ಮದೇ ಒಂದು ಆನ್‌ಲೈನ್ ಗುಂಪು, ಬೇಕೇ ಬೇಕು.

ವಾಟ್ಸಾಪ್ ಇದಕ್ಕೆ ಒಗ್ಗುವುದಿಲ್ಲ. ನಂಬರ್ ಎಲ್ಲರ ಕಣ್ಣಿಗೆ ಬೀಳುತ್ತದೆ, ಹುಡುಗಿಯರಿಗೆ ಬೇಡದ ಮೆಸೇಜು ಶುರುವಾಗುತ್ತವೆ, ಅವರು ಸದ್ದಿಲ್ಲದೆ ಹೊರಗೆ ಹೋಗುತ್ತಾರೆ. ಟೆಲಿಗ್ರಾಂ ವಾಸಿ: ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಫೋನ್ ನಂಬರ್ ಯಾರಿಗೂ ಕಾಣದಂತೆ ಮಾಡಿಕೊಂಡ ಮೇಲೆಯೇ ಸೇರಲು ಹೇಳಿ. ಟಾಪಿಕ್ಸ್ ಆನ್ ಮಾಡಿ ಮೂರೇ ವಿಷಯ ಇಡಿ: ಓದು, ಕೆಲಸ, ಮನಸ್ಸು. 371ಜೆ (ಕಲ್ಯಾಣ ಕರ್ನಾಟಕದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿ) ಪ್ರಮಾಣಪತ್ರದ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಒಮ್ಮೆ ಸರಿಯಾಗಿ ಬರೆದು ಪಿನ್ ಮಾಡಿ. ಜಗಳ ಏರಿದರೆ ಸ್ಲೋ ಮೋಡ್ 5 ನಿಮಿಷಕ್ಕೆ ಇಡಿ (ಒಬ್ಬರು 5 ನಿಮಿಷಕ್ಕೆ ಒಂದೇ ಮೆಸೇಜು ಹಾಕಬಹುದು), ತಾನೇ ತಣ್ಣಗಾಗುತ್ತದೆ.

ಹುಟ್ಟಿದ ವರ್ಷ ಕೇಳಿದರೆ ಸಾಕು. ಆಧಾರ್ ಫೋಟೊ ಕೇಳಲೇಬೇಡಿ, ಅದನ್ನು ಕಾಯುವ ಜವಾಬ್ದಾರಿ ನಿಮ್ಮ ತಲೆಗೆ ಬರುತ್ತದೆ. 18 ತುಂಬದವರು ಬೇಡ; 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಅವರನ್ನು ಮಕ್ಕಳೆಂದೇ ಎಣಿಸುತ್ತದೆ. 25 ತುಂಬಿದವರನ್ನು ಪ್ರತಿ ಜನವರಿ, ಜುಲೈಯಲ್ಲಿ ಗೌರವದಿಂದ ಬೀಳ್ಕೊಡಿ. ಇದನ್ನು ಮರೆತರೆ ಮೂರು ವರ್ಷಕ್ಕೆ ಅದೂ ಅಣ್ಣಂದಿರ ಗುಂಪೇ ಆಗುತ್ತದೆ, ಹೊಸಬರು ಮತ್ತೆ ಮೌನ.

ಅಡ್ಮಿನ್ ಮೂವರಿರಲಿ, ಇಬ್ಬರು ಹುಡುಗಿಯರು. ಯಾರಾದರೂ ಸಾಯುವ ಮಾತಾಡಿದರೆ ಗುಂಪಿನಲ್ಲಿ ಉಪದೇಶ ಬೇಡ. ಒಬ್ಬರು ಕೂಡಲೇ ಖಾಸಗಿಯಾಗಿ ಮಾತಾಡಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಜೊತೆಗಿದ್ದು ಕರೆ ಮಾಡಿಸಿ. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡು ಬೀಳುವುದಿಲ್ಲ.