ಪದಪಟ್ಟಿಯನ್ನು ಸಿ ಪ್ರೋಗ್ರಾಮಿನ ಒಳಗೇ ಇಟ್ಟ ಬಗೆ

ಬದಿಯಡ್ಕದ ಕಡೆಯ ನಮ್ಮೂರಿನ ವಾಚನಾಲಯದ ಕಂಪ್ಯೂಟರಿಗಾಗಿ ನಾನು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಪದಕೋಶವನ್ನು ಬರೆದಿದ್ದೇನೆ. ಕಚೇರಿಯ ಕಾಗದಗಳಲ್ಲಿ ಬರುವ ಮಲಯಾಳ ಪದವನ್ನು ಟೈಪು ಮಾಡಿದರೆ ಅದು ಕನ್ನಡದ ಅರ್ಥವನ್ನು ತೋರಿಸುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಕನ್ನಡಿಗರು ಇಂಥ ಕಾಗದಗಳೊಡನೆ ಒದ್ದಾಡುತ್ತಲೇ ಬಂದಿದ್ದಾರೆ. ತೀರ ಅಪರಿಚಿತ ಪದಗಳಿಗಿಂತ ಪರಿಚಿತವೆಂದು ಕಾಣುವ ಪದಗಳೇ ಹೆಚ್ಚು ದಾರಿ ತಪ್ಪಿಸುತ್ತವೆ: ಅಲ್ಲಿಯ 'ಅಪೇಕ್ಷ' ಎಂದರೆ ನಮ್ಮ ಅಪೇಕ್ಷೆಯಲ್ಲ, ಅರ್ಜಿ, 'ಒಪ್ಪ್' ಎಂದರೆ ಒಪ್ಪಿಗೆಯಲ್ಲ, ಸಹಿ.

ಮೊದಲ ಆವೃತ್ತಿಯಲ್ಲಿ ಪ್ರೋಗ್ರಾಮು ಬೇರೆ, ಪದಪಟ್ಟಿಯ ಕಡತ ಬೇರೆ ಇತ್ತು. ಯಾರೋ ಪ್ರೋಗ್ರಾಮನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು ಹೋದರು, ಮನೆಯಲ್ಲಿ ಅದು 'ಕಡತ ಸಿಗಲಿಲ್ಲ' ಎಂದು ಹೇಳಿ ನಿಂತಿತು. ತಪ್ಪು ಅವರದಲ್ಲ. ಎರಡು ಕಡತಗಳು ಸದಾ ಜೊತೆಯಲ್ಲಿರಬೇಕೆಂಬುದನ್ನು ಬಳಸುವವರು ನೆನಪಿಡಬೇಕಾದರೆ ಅದು ಬರೆದವನ ಕೊರತೆ. ಪಟ್ಟಿಯನ್ನು ಪ್ರೋಗ್ರಾಮಿನ ಒಳಗೇ ಸೇರಿಸಬೇಕೆಂದು ನಿಶ್ಚಯಿಸಿದ್ದು ಆಗಲೇ.

ಕಡತದ ಬೈಟುಗಳನ್ನು, ಎಂದರೆ ಅದರಲ್ಲಿರುವ ಮಾಹಿತಿಯ ಚಿಕ್ಕ ಘಟಕಗಳನ್ನು, ಪ್ರೋಗ್ರಾಮಿನ ಒಳಗೆ ಸೇರಿಸುವುದಕ್ಕೆ ಹಳೆಯ ದಾರಿಗಳು ಹಲವಿವೆ. ವಿಮ್ ಎಂಬ ಪಠ್ಯ ಎಡಿಟರಿನ ಜೊತೆಗೆ ಬರುವ ಉಪಕರಣವಾದ ಎಕ್ಸ್‌ಎಕ್ಸ್‌ಡಿ ಯಾವ ಕಡತವನ್ನು ಕೊಟ್ಟರೂ ಅದನ್ನು ಸಿ ಅರೇಯಾಗಿ (ಮೌಲ್ಯಗಳ ಸಾಲಾಗಿ) ಬರೆದುಕೊಡುತ್ತದೆ. ಆದರೆ ಒಂದೊಂದು ಬೈಟಿಗೂ ಸುಮಾರು 6 ಅಕ್ಷರಗಳ ಪಠ್ಯ ಬೇಕಾಗುವುದರಿಂದ ದೊಡ್ಡ ಕಡತವಾದರೆ ಸಿ ಪಠ್ಯವನ್ನು ಓಡುವ ಪ್ರೋಗ್ರಾಮಾಗಿ ಮಾಡುವ ಕಂಪೈಲರ್ ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ಸಿಯಲ್ಲಿ ಪಠ್ಯದ ಅಂತ್ಯವನ್ನು ಸೂಚಿಸುವ ಸೊನ್ನೆಯ ಬೈಟು ಕೊನೆಯಲ್ಲಿ ಇರುವುದಿಲ್ಲವಾದ್ದರಿಂದ ಅದನ್ನು ಸ್ಟ್ರಿಂಗ್ (ಪಠ್ಯ) ಎಂದು ನಂಬಿ ಓದುವಂತೆಯೂ ಇಲ್ಲ. ಕಂಪೈಲಾದ ತುಂಡುಗಳನ್ನು ಜೋಡಿಸುವ ಗ್ನೂ ಲಿಂಕರ್ ಕಡತವನ್ನು ನೇರವಾಗಿ ಆಬ್ಜೆಕ್ಟ್ ಕಡತವನ್ನಾಗಿ, ಎಂದರೆ ಅಂಥ ಒಂದು ತುಂಡಾಗಿ ಮಾಡಿ ಆರಂಭ, ಅಂತ್ಯ, ಗಾತ್ರ ಎಂಬ ಮೂರು ಹೆಸರುಗಳನ್ನು ಕೊಡುತ್ತದೆ. ಇಲ್ಲಿ ಗಾತ್ರವೆಂಬುದು ಆ ಹೆಸರಿನ ವಿಳಾಸವೇ ಹೊರತು ಅಲ್ಲಿ ಇಟ್ಟಿರುವ ಮೌಲ್ಯವಲ್ಲ. ನಾನು ಅದನ್ನು ಮೌಲ್ಯವೆಂದುಕೊಂಡು ಒಂದು ಸಂಜೆಯನ್ನು ಕಳೆದೆ. ಅಂತ್ಯದಿಂದ ಆರಂಭವನ್ನು ಕಳೆಯುವುದೇ ಕ್ಷೇಮ. ಸಿ ಭಾಷೆಯ ಸಿ23 ಮಾನಕದಲ್ಲಿ ಈ ಕೆಲಸಕ್ಕೆಂದೇ 'ಎಂಬೆಡ್' ಎಂಬ ನಿರ್ದೇಶನ ಬಂದಿದೆ. ಕಂಪೈಲರುಗಳ ಪೈಕಿ ಕ್ಲ್ಯಾಂಗ್ 19 ಮತ್ತು ಜಿಸಿಸಿ 15ರಿಂದ ಅದು ದೊರೆಯುತ್ತದೆ. ಚಿತ್ರ, ಫಾಂಟ್ ಮುಂತಾದವನ್ನು ಇದ್ದಂತೆಯೇ ಒಳಗಿಡಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಆದರೆ ಪದಪಟ್ಟಿಗೆ ಒಂದು ರಚನೆಯಿದೆ: ಸಾಲಿಗೊಂದು ಪದ, ಟ್ಯಾಬಿನ ಆಚೆಗೆ ಅದರ ಅರ್ಥ. ಅದನ್ನು ಬರಿಯ ಬೈಟುಗಳಾಗಿ ಒಳಗಿಟ್ಟರೆ ಪ್ರೋಗ್ರಾಮು ಆರಂಭವಾದಾಗಲೆಲ್ಲ ಸಾಲುಗಳನ್ನು ಒಡೆದು ಓದಬೇಕು, ಪಟ್ಟಿಯಲ್ಲಿ ತಪ್ಪಿದ್ದರೆ ಅದು ಬಳಸುವವರ ಮುಂದೆ ಬಯಲಾಗಬೇಕು. ಕಂಪೈಲ್ ಆಗುವ ಮೊದಲೇ ತಿಳಿಯಬಹುದಾದದ್ದನ್ನು ಅಲ್ಲಿಯವರೆಗೆ ಮುಂದೂಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಆದ್ದರಿಂದ ಪಟ್ಟಿಯನ್ನು ಓದಿ, ಪದ ಮತ್ತು ಅರ್ಥ ಎಂಬ ಎರಡು ಅಂಗಗಳುಳ್ಳ ಸ್ಟ್ರಕ್ಟ್‌ಗಳ ಸ್ಥಿರ ಅರೇಯನ್ನು ಸಿ ಕಡತವಾಗಿ ಬರೆದುಕೊಡುವ ಚಿಕ್ಕ ಪೈಥಾನ್ ಸ್ಕ್ರಿಪ್ಟನ್ನು ಕಂಪೈಲ್ ಮಾಡುವ ಹಂತಗಳನ್ನು ಬರೆದಿಟ್ಟ ಮೇಕ್‌ಫೈಲಿನಲ್ಲಿ ಸೇರಿಸಿದೆ. ಅರ್ಥವಿಲ್ಲದ ಸಾಲು ಅಥವಾ ಎರಡು ಸಲ ಬಂದ ಪದ ಕಂಡರೆ ಅದು ಸಾಲಿನ ಸಂಖ್ಯೆಯನ್ನು ಹೇಳಿ ಕೆಲಸವನ್ನು ಅಲ್ಲಿಗೇ ನಿಲ್ಲಿಸುತ್ತದೆ.

ನಿಜವಾದ ತೊಡಕು ಎದುರಾದದ್ದು ಹುಡುಕಾಟದಲ್ಲಿ. ಸಿ ಗ್ರಂಥಾಲಯದ ಬಿಸರ್ಚ್ ಫಂಕ್ಷನ್ ಅರೇ ಕ್ರಮವಾಗಿ ಜೋಡಣೆಯಾಗಿದೆಯೆಂದು ನಂಬಿ ಹುಡುಕುತ್ತದೆ. ನಾನು ಪಟ್ಟಿಯನ್ನು ಸ್ಪ್ರೆಡ್‌ಶೀಟಿನಲ್ಲಿ ಅಕಾರಾದಿಯಾಗಿ ಜೋಡಿಸಿದ್ದೆ. ಪ್ರೋಗ್ರಾಮು ಹೋಲಿಸುತ್ತಿದ್ದದ್ದು ಬೈಟುಗಳ ಕ್ರಮದಲ್ಲಿ. ವಿಳಾಸ ಎಂಬ ಅರ್ಥದ 'ಮೇಲ್‌ವಿಲಾಸಂ' ಪಟ್ಟಿಯಲ್ಲಿದ್ದರೂ ಸಿಗಲಿಲ್ಲ. ಅದರ ನಡುವಿನ ಅರ್ಧ ಲಕಾರವು ಮಲಯಾಳದಲ್ಲಿ ಚಿಲ್ಲಕ್ಷರ, ಎಂದರೆ ಸ್ವರವಿಲ್ಲದ ವ್ಯಂಜನಕ್ಕಿರುವ ಪ್ರತ್ಯೇಕ ಅಕ್ಷರ. ನಿಘಂಟಿನಲ್ಲಿ ಅದು ಲಕಾರದ ಜೊತೆಗಿದ್ದರೂ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅದರ ಸ್ಥಾನ ಮಲಯಾಳ ವಿಭಾಗದ ಕೊನೆಯಲ್ಲಿದೆ. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಬೈಟುಗಳ ಕ್ರಮವೂ ಯೂನಿಕೋಡ್ ಸಂಖ್ಯೆಗಳ ಕ್ರಮವೂ ಒಂದೇ ಆಗಿರುವುದರಿಂದ, ಜೋಡಿಸುವ ಹೊಣೆಯನ್ನು ಸ್ಕ್ರಿಪ್ಟಿಗೇ ಕೊಟ್ಟು ಬೈಟುಗಳ ಕ್ರಮದಲ್ಲೇ ಜೋಡಿಸುವಂತೆ ಮಾಡಿದೆ.

ಆಮೇಲೂ ಆ ಒಂದು ಪದ ಕೆಲವರಿಗೆ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಚಿಲ್ಲಕ್ಷರಗಳಿಗೆ ಸ್ವಂತ ಸಂಖ್ಯೆ ದೊರೆತದ್ದು 2008ರ ಯೂನಿಕೋಡ್ 5.1ರಲ್ಲಿ. ಅದಕ್ಕೂ ಮೊದಲು ಲಕಾರ, ಚಂದ್ರಕ್ಕಲ (ಸ್ವರ ತೆಗೆಯುವ ಚಿಹ್ನೆ), ಕಣ್ಣಿಗೆ ಕಾಣದ ಜೋಡಕ ಎಂಬ ಮೂರನ್ನು ಸೇರಿಸಿ ಬರೆಯುತ್ತಿದ್ದರು. ಹೊಸದಕ್ಕೆ 3 ಬೈಟು, ಹಳೆಯದಕ್ಕೆ 9. ಪರದೆಯ ಮೇಲೆ ಎರಡೂ ಒಂದೇ ರೂಪ. ಯೂನಿಕೋಡಿನ ಸಾಮಾನ್ಯ ಏಕರೂಪೀಕರಣವು ಇವೆರಡನ್ನು ಒಂದು ಮಾಡುವುದಿಲ್ಲ. ಹಾಗಾಗಿ ಹಳೆಯ ರೂಪವನ್ನು ಹೊಸದಕ್ಕೆ ಬದಲಿಸುವ ಕೆಲಸವನ್ನು ಪಟ್ಟಿಗೆ ಸ್ಕ್ರಿಪ್ಟಿನಲ್ಲಿಯೂ, ಟೈಪು ಮಾಡಿದ ಪದಕ್ಕೆ ಸಿ ಪ್ರೋಗ್ರಾಮಿನಲ್ಲಿಯೂ ನಾನೇ ಬರೆಯಬೇಕಾಯಿತು. ಒಂದೇ ನಿಯಮ ಎರಡು ಕಡೆ ಇರುವುದು ನನಗೆ ಈಗಲೂ ಸಮಾಧಾನವಿಲ್ಲದ ಸಂಗತಿ.

ಒಂದು ಪದ ತಿದ್ದಬೇಕಾದರೂ ಮತ್ತೆ ಕಂಪೈಲ್ ಮಾಡಬೇಕೆಂಬುದು ಈ ವಿಧಾನದ ಬೆಲೆ. ಆದರೂ ಮೂಲ ಪಟ್ಟಿ ಸಾದಾ ಪಠ್ಯವಾಗಿಯೇ ಉಳಿದಿರುವುದರಿಂದ ಅದನ್ನು ತಿದ್ದಲು ಸಿ ಭಾಷೆ ತಿಳಿದಿರಬೇಕಾಗಿಲ್ಲ. ಎರಡೂ ಭಾಷೆಗಳನ್ನು ಚೆನ್ನಾಗಿ ಬಲ್ಲ ನಿವೃತ್ತ ಮಾಸ್ತರರೊಬ್ಬರು ಅದನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದು ತಿದ್ದಿ ಕಳುಹಿಸುತ್ತಾರೆ, ನಾನು ಮೇಕ್ ಓಡಿಸಿ ಹೊಸ ಕಡತವನ್ನು ವಾಚನಾಲಯಕ್ಕೆ ಕೊಡುತ್ತೇನೆ. ಕಳೆದ ಸಲ ಅವರು ಒಂದು ಪದವನ್ನು ಎರಡನೆಯ ಬಾರಿ ಸೇರಿಸಿದ್ದರು. ಸ್ಕ್ರಿಪ್ಟು ಅದನ್ನು ಹಿಡಿಯಿತು, ಎರಡರಲ್ಲಿ ಯಾವ ಅರ್ಥ ಉಳಿಯಬೇಕೆಂಬುದನ್ನು ಅವರೇ ನಿರ್ಧರಿಸಿದರು.