ಲೈನ್ ಮನೆ ತನಕ ಬಂದ ಲಸಿಕೆ

ಕಾಫಿ ಕೊಯ್ಲು ಜೋರಾಗಿದೆ. ಈ ಹೊತ್ತಲ್ಲಿ ಒಂದು ದಿನದ ಕೂಲಿ ಬಿಟ್ಟು ಮಗುವನ್ನು ವಿರಾಜಪೇಟೆಗೆ ಕರೆದುಕೊಂಡು ಹೋಗಿ ಅಂದರೆ ಯಾರು ಹೋಗ್ತಾರೆ? ಅದಕ್ಕೇ ಇವತ್ತು ಆಶಾ ಅಕ್ಕ, ನರ್ಸ್ ಇಬ್ಬರೂ ಐಸ್ ಪ್ಯಾಕ್ ಇಟ್ಟ ಡಬ್ಬ ಹೊತ್ತು ತೋಟದ ಕೂಲಿಯವರು ಇರೋ ಲೈನ್ ಮನೆಗೇ ಬಂದಿದ್ದರು.

ಪೋಲಿಯೊ ಹನಿಯ ಬಾಟಲಿ ಮೇಲೆ ಒಂದು ಪುಟ್ಟ ವೃತ್ತ, ಅದರೊಳಗೆ ಚೌಕ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಹಾಕಬಹುದು. ಅಷ್ಟೇ ಕಪ್ಪಾಗಿದ್ದರೆ ಬಿಸಿ ತಗುಲಿದೆ ಅಂತ, ಬಿಸಾಕಬೇಕು. ನರ್ಸ್ ಪ್ರತಿ ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಸ್ಸಾಮಿನಿಂದ ಬಂದ ಕುಟುಂಬದ ಕೂಸಿಗೆ ಲಸಿಕೆ ಲೆಕ್ಕ ಬರೆಯೋ ತಾಯಿ ಕಾರ್ಡೇ ಇರಲಿಲ್ಲ. ಹೊಸದು ಬರೆದುಕೊಟ್ಟರು. ಎಷ್ಟು ಖುಷಿಯಾಯ್ತು ಗೊತ್ತಾ!

ಎಲ್ಲರಿಗೂ ಆರೋಗ್ಯ ಅಂತ ದೇಶಗಳೆಲ್ಲ ಈಗಿನ ಕಜಕಸ್ತಾನದ ಆಲ್ಮಾ ಅಟಾ ನಗರದಲ್ಲಿ ಒಪ್ಪಿದ್ದು 1978ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕದಲ್ಲಿ, 2024ರಲ್ಲೂ ಜಗತ್ತಿನ 1.4 ಕೋಟಿಗಿಂತ ಜಾಸ್ತಿ ಕೂಸುಗಳಿಗೆ ಒಂದು ಡೋಸ್ ಕೂಡ ಸಿಕ್ಕಿಲ್ಲ. ಯುದ್ಧ, ಗಲಭೆ ಇರುವ ದೇಶಗಳಲ್ಲಿ ಇಂಥ ಮಕ್ಕಳು ಜಾಸ್ತಿ. ಲಸಿಕೆ ಇದ್ದೂ ತಲುಪಿಸೋರು ಇಲ್ಲ ಅಂದರೆ ಹೊಟ್ಟೆ ಉರಿಯುತ್ತೆ. ಡಬ್ಬ ಹೊತ್ತು ನಡೆಯೋ ಈ ಹೆಣ್ಣುಮಕ್ಕಳಿಗೆ ಮೊದಲು ಸರಿಯಾದ ಸಂಬಳ ಕೊಡಲಿ.

ನಿಮ್ಮ ತೋಟದಲ್ಲೂ ಕಾರ್ಡ್ ಇಲ್ಲದ ಮಕ್ಕಳಿದ್ದರೆ ಆಶಾ ಅಕ್ಕನಿಗೆ ಒಂದು ಫೋನ್ ಮಾಡಿ ಹೇಳಿ.